ಬಟವಾಡೆ ದಿನ ತುಂಬಿಹೋಗುವ ಮೆಮೊರಿ

ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ಒಂದಂತೂ ಪದೇ ಪದೇ ಬರುತ್ತದೆ. ‘ಬೆಳಿಗ್ಗೆ ಶುರು ಮಾಡಿದಾಗ ಅಪ್ಲಿಕೇಶನ್ ಚೆನ್ನಾಗಿಯೇ ಓಡುತ್ತದೆ. ಸಂಜೆಯಾಗುತ್ತಾ ಮೆಮೊರಿ ಏರಿ ಏರಿ ಕೊನೆಗೆ ಬಿದ್ದುಹೋಗುತ್ತದೆ. ಕೋಡ್ ಎಷ್ಟು ಸಲ ಓದಿದರೂ ತಪ್ಪು ಕಾಣುವುದಿಲ್ಲ. ಈ ಒಆರ್‌ಎಂ ಸಹವಾಸವೇ ಬೇಡವೆಂದು ನೇರ ಎಸ್‌ಕ್ಯೂಎಲ್ ಬರೆದುಬಿಡೋಣವೇ?’ ಕೇಳುವವರಲ್ಲಿ ಸಕಲೇಶಪುರ, ಆಲೂರು ಕಡೆಯ ಮನೆಗಳಲ್ಲಿ ಕುಳಿತು ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡುವ ಹುಡುಗ ಹುಡುಗಿಯರಿದ್ದಾರೆ, ಕೊನೆಯ ವರ್ಷದ ಪ್ರಾಜೆಕ್ಟ್ ಹಿಡಿದು ಕುಳಿತ ಹಾಸನದ ಎಂಜಿನಿಯರಿಂಗ್ ವಿದ್ಯಾರ್ಥಿಗಳೂ ಇದ್ದಾರೆ. ಅವರಿಗೆಲ್ಲ ನನ್ನ ಉತ್ತರ ಒಂದೇ. ಒಆರ್‌ಎಂ ಬಿಡಬೇಕಾಗಿಲ್ಲ. ಅದು ತೆರೆಯುವ ಸೆಷನ್ ಎಷ್ಟು ಹೊತ್ತು ಬದುಕಿರಬೇಕು ಎಂಬುದನ್ನು ನಾವು ತೀರ್ಮಾನಿಸಿದರೆ ಮುಕ್ಕಾಲು ಪಾಲು ತೊಂದರೆ ಅಲ್ಲೇ ಮುಗಿಯುತ್ತದೆ. ಉಳಿದ ಕಾಲು ಪಾಲನ್ನು ಹುಡುಕಲು ಒಳ್ಳೆಯ ಸಲಕರಣೆಗಳಿವೆ.

ಡೇಟಾಬೇಸ್‌ನಲ್ಲಿ ಮಾಹಿತಿ ಇರುವುದು ಟೇಬಲ್, ಸಾಲು, ಕಾಲಂಗಳಲ್ಲಿ. ಪ್ರೋಗ್ರಾಂ ಬರೆಯುವವರು ಯೋಚಿಸುವುದು ಆಬ್ಜೆಕ್ಟ್‌ಗಳಲ್ಲಿ. ತೋಟದ ಲೆಕ್ಕದ ತಂತ್ರಾಂಶವನ್ನೇ ತೆಗೆದುಕೊಳ್ಳಿ. ‘ಕೆಲಸಗಾರ’ ಒಂದು ಆಬ್ಜೆಕ್ಟ್, ಅವರಿಗೆ ಸೇರಿದ ಹಾಜರಿಗಳು, ಕೊಯ್ಲಿನ ತೂಕಗಳು, ತೆಗೆದುಕೊಂಡ ಮುಂಗಡಗಳು ಅದಕ್ಕೆ ಅಂಟಿಕೊಂಡ ಇನ್ನಷ್ಟು ಆಬ್ಜೆಕ್ಟ್‌ಗಳು. ಈ ಎರಡು ಲೋಕಗಳ ನಡುವಿನ ಓಡಾಟವನ್ನು ನೋಡಿಕೊಳ್ಳುವ ಪದರವೇ ಒಆರ್‌ಎಂ. ಜಾವಾದವರಿಗೆ 2001ರಲ್ಲಿ ಗೇವಿನ್ ಕಿಂಗ್ ಶುರು ಮಾಡಿದ ಹೈಬರ್ನೇಟ್, ಪೈಥಾನ್‌ನವರಿಗೆ ಜಾಂಗೊ ಒಆರ್‌ಎಂ ಮತ್ತು ಎಸ್‌ಕ್ಯೂಎಲ್‌ಆಲ್ಕೆಮಿ, ಡಾಟ್‌ನೆಟ್‌ನವರಿಗೆ ಎಂಟಿಟಿ ಫ್ರೇಮ್‌ವರ್ಕ್, ರೂಬಿಯವರಿಗೆ ಆಕ್ಟಿವ್ ರೆಕಾರ್ಡ್. ನೂರಾರು ಸಾಲು ಎಸ್‌ಕ್ಯೂಎಲ್ ಬರೆಯುವ ಕೆಲಸವನ್ನು ಇವು ಉಳಿಸಿವೆ. ನಾನಂತೂ ಇವುಗಳ ಪಕ್ಷದವನೇ.

ತೋಟದ ಲೆಕ್ಕದ ಉದಾಹರಣೆ ಸುಮ್ಮನೆ ಬಂದದ್ದಲ್ಲ. ಹೆತ್ತೂರು ಹೋಬಳಿಯ ಒಂದು ಕಾಫಿ ತೋಟದ ಆಫೀಸಿನಲ್ಲಿ ಇಂಥದ್ದೇ ತಂತ್ರಾಂಶ ಓಡುತ್ತಿತ್ತು. ಜಾವಾ, ಹೈಬರ್ನೇಟ್, ಪೋಸ್ಟ್‌ಗ್ರೆಸ್. ಆಫೀಸಿನ ಮೂಲೆಯ ಹಳೆಯ ಕಂಪ್ಯೂಟರೇ ಸರ್ವರ್. ಕೊಯ್ಲಿನ ಸಮಯದಲ್ಲಿ ಸಂಜೆ ತೂಕದ ಜಾಗದಲ್ಲಿ ತೋಟದ ಲೆಕ್ಕ ಬರೆಯುವ ರೈಟರ್ ಪ್ರತಿಯೊಬ್ಬರ ಹಣ್ಣು ತೂಗಿ ಮೊಬೈಲ್‌ನಲ್ಲಿ ಬರೆದುಕೊಳ್ಳುತ್ತಾರೆ. ಆಫೀಸಿನ ವೈಫೈ ಸಿಕ್ಕ ಕೂಡಲೇ ಅದು ಸರ್ವರ್‌ಗೆ ಹೋಗುತ್ತದೆ. ವಾರಕ್ಕೊಮ್ಮೆ ಕೂಲಿ ಬಟವಾಡೆ. ‘ಬಟವಾಡೆ ದಿನವೇ ಸರ್, ಪಟ್ಟಿ ತೆಗೆಯೋಕೆ ಹೋದ್ರೆ ಕಂಪ್ಯೂಟರ್ ತಿಣುಕಾಡಿ ತಿಣುಕಾಡಿ ನಿಂತೇ ಹೋಗುತ್ತೆ. ಹೊರಗೆ ಜನ ಕಾಯ್ತಾ ಇರ್ತಾರೆ. ಸಾಹುಕಾರ್ರು ಹೊಸದೇ ತರ್ಸೋಣ ಅಂತಿದಾರೆ’ ಎಂದರು ರೈಟರ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ತೊಂದರೆ ಇರಲೇ ಇಲ್ಲ ಎಂದೂ ಹೇಳಿದರು. ಅದು ನನಗೆ ಬಹಳ ಮುಖ್ಯವಾದ ಮಾತಾಗಿ ಕಂಡಿತು. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ತಂತಿ ಹರಿಯದ ವಾರವೇ ಕಡಿಮೆ. ಕರೆಂಟು ಹೋದಾಗಲೆಲ್ಲ ಯುಪಿಎಸ್ ಸ್ವಲ್ಪ ಹೊತ್ತು ತಡೆದು ಕೈಬಿಡುತ್ತಿತ್ತು, ಕಂಪ್ಯೂಟರ್ ಮತ್ತೆ ಹೊಸದಾಗಿ ಶುರುವಾಗುತ್ತಿತ್ತು. ಕೊಯ್ಲಿನ ತಿಂಗಳುಗಳಲ್ಲಿ ಕರೆಂಟು ಹೋಗುವುದೇ ಅಪರೂಪ, ಕಂಪ್ಯೂಟರ್ ವಾರಗಟ್ಟಲೆ ಆರುವುದಿಲ್ಲ. ಅಂದರೆ ಒಳಗೆ ಏನೋ ಸೇರಿಕೊಳ್ಳುತ್ತಾ ಹೋಗುತ್ತಿದೆ, ಅದನ್ನು ಇಷ್ಟು ದಿನ ತೆರವು ಮಾಡುತ್ತಿದ್ದದ್ದು ಕರೆಂಟು ಹೋಗುವ ಗಳಿಗೆ.

ಏನು ಸೇರಿಕೊಳ್ಳುತ್ತದೆ ಎಂದು ತಿಳಿಯಲು ಸೆಷನ್ ಏನು ಮಾಡುತ್ತದೆ ಎಂದು ತಿಳಿದಿರಬೇಕು. ಹೈಬರ್ನೇಟ್‌ನಲ್ಲಿ ಸೆಷನ್ ತೆರೆದು ಡೇಟಾಬೇಸ್‌ನಿಂದ ಒಂದು ಸಾಲು ಓದಿದರೆ ಅದು ಆಬ್ಜೆಕ್ಟ್ ಕೊಟ್ಟು ಸುಮ್ಮನಾಗುವುದಿಲ್ಲ. ಆ ಆಬ್ಜೆಕ್ಟನ್ನು ತನ್ನ ಪರ್ಸಿಸ್ಟೆನ್ಸ್ ಕಾಂಟೆಕ್ಸ್ಟ್ ಎಂಬ ಪಟ್ಟಿಯಲ್ಲಿ ಇಟ್ಟುಕೊಳ್ಳುತ್ತದೆ. ಅದೇ ಸಾಲನ್ನು ಮತ್ತೆ ಕೇಳಿದರೆ ಅದೇ ಆಬ್ಜೆಕ್ಟ್ ಸಿಗಬೇಕು, ಒಬ್ಬನೇ ಕೆಲಸಗಾರನಿಗೆ ಎರಡು ಪ್ರತಿ ಹುಟ್ಟಬಾರದು ಎಂಬುದು ಅದರ ಉದ್ದೇಶ. ಜೊತೆಗೆ, ಓದಿದ ಕ್ಷಣದಲ್ಲಿ ಪ್ರತಿ ಕಾಲಂನಲ್ಲಿ ಏನಿತ್ತು ಎಂಬುದರ ಇನ್ನೊಂದು ನಕಲನ್ನೂ ಪಕ್ಕದಲ್ಲಿ ಇಟ್ಟಿರುತ್ತದೆ. ನಾವು ಆಬ್ಜೆಕ್ಟ್‌ನಲ್ಲಿ ಏನನ್ನಾದರೂ ಬದಲಿಸಿದರೆ, ಬರೆಯುವ ಸಮಯದಲ್ಲಿ ಹಳೆಯ ನಕಲಿನ ಜೊತೆ ಹೋಲಿಸಿ, ಬದಲಾದದ್ದನ್ನು ಕಂಡುಹಿಡಿದು, ಅದಕ್ಕೆ ತಕ್ಕ ಅಪ್‌ಡೇಟ್ ವಾಕ್ಯವನ್ನು ತಾನೇ ಕಟ್ಟುತ್ತದೆ. ಮಾರ್ಟಿನ್ ಫೌಲರ್ 2002ರಲ್ಲಿ ಪ್ರಕಟಿಸಿದ ಎಂಟರ್‌ಪ್ರೈಸ್ ವಿನ್ಯಾಸಗಳ ಪುಸ್ತಕದಲ್ಲಿ ಐಡೆಂಟಿಟಿ ಮ್ಯಾಪ್, ಯೂನಿಟ್ ಆಫ್ ವರ್ಕ್ ಎಂದು ವಿವರಿಸಿದ್ದು ಇವನ್ನೇ. ಮೇಜಿನ ಮೇಲೆ ತೆಗೆದಿಟ್ಟ ಒಂದೊಂದು ಲೆಡ್ಜರಿಗೂ ಒಂದೊಂದು ನಕಲು ಬರೆದಿಟ್ಟುಕೊಂಡು, ‘ಇವತ್ತಿನ ಕೆಲಸ ಮುಗಿಯಿತು’ ಎಂದು ಯಾರಾದರೂ ಹೇಳುವವರೆಗೆ ಒಂದನ್ನೂ ಬೀರುವಿಗೆ ವಾಪಸ್ ಇಡದ ಗುಮಾಸ್ತರ ಹಾಗೆ ಈ ಸೆಷನ್. ‘ಮುಗಿಯಿತು’ ಎಂದು ಹೇಳಬೇಕಾದವರು ನಾವು.

ಇಲ್ಲಿ ಗಾರ್ಬೇಜ್ ಕಲೆಕ್ಟರ್ ಏನೂ ಮಾಡಲಾರದು. ಅದಕ್ಕಿರುವ ನಿಯಮ ಒಂದೇ: ಯಾರೂ ಹಿಡಿದುಕೊಂಡಿರದ ಆಬ್ಜೆಕ್ಟನ್ನು ತೆಗೆದುಹಾಕು. ಸೆಷನ್ ಜೀವಂತವಾಗಿದ್ದು ಅದರ ಪಟ್ಟಿಯಲ್ಲಿ ಆಬ್ಜೆಕ್ಟ್ ಇದ್ದರೆ, ಹಿಡಿದುಕೊಂಡವರು ಇದ್ದಾರೆ ಎಂದೇ ಅರ್ಥ. ನಮ್ಮ ಕೋಡ್‌ನಲ್ಲಿ ಆ ಆಬ್ಜೆಕ್ಟ್‌ನ ಹೆಸರೇ ಎಲ್ಲೂ ಇಲ್ಲದಿರಬಹುದು, ನಾವು ಅದನ್ನು ಮರೆತು ತಿಂಗಳಾಗಿರಬಹುದು. ಹಾಗಾಗಿಯೇ ‘ಕೋಡ್ ಎಷ್ಟು ಓದಿದರೂ ತಪ್ಪು ಕಾಣುವುದಿಲ್ಲ’ ಎಂಬ ದೂರು ಬರುವುದು. ಹಿಡಿದಿರುವ ಕೈ ನಾವು ಬರೆದ ಸಾಲುಗಳಲ್ಲಿ ಇಲ್ಲ, ಲೈಬ್ರರಿಯ ಒಳಗಿದೆ.

ಲೆಕ್ಕ ಹಾಕಿ ನೋಡೋಣ. ಕೊಯ್ಲಿಗೆ 80 ಜನ, ದಿನಕ್ಕೆ ತಲಾ ಮೂರು ತೂಕ, 90 ದಿನ ಎಂದು ಹಿಡಿದರೆ ಒಂದು ಹಂಗಾಮಿಗೆ 21,600 ಸಾಲು. ಎಂಟು ವರ್ಷಕ್ಕೆ 1,72,800. ಒಂದು ಸಾಲಿನ ಆಬ್ಜೆಕ್ಟ್‌ಗೆ ಒಂದು ಕೆಬಿ ಎಂದುಕೊಂಡರೂ ಸುಮಾರು 170 ಎಂಬಿ. ಪಕ್ಕದ ನಕಲು ಮತ್ತು ಸೆಷನ್‌ನ ಸ್ವಂತ ದಾಖಲೆ ಸೇರಿದರೆ ಅದು ಇಮ್ಮಡಿಯಾಗುವುದು ಸುಲಭ. ಡೇಟಾಬೇಸ್‌ಗೆ ಇದು ಏನೇನೂ ಅಲ್ಲ. ಆದರೆ ‘ಕೆಲಸಗಾರ’ನಿಂದ ‘ತೂಕಗಳು’ ಎಂಬ ಪಟ್ಟಿಯನ್ನು ಕೋಡ್‌ನಲ್ಲಿ ಒಮ್ಮೆ ಮುಟ್ಟಿದರೆ ಸಾಕು, ಈ ವಾರದ್ದು ಮಾತ್ರ ಬೇಕಾಗಿದ್ದರೂ ಆ ವ್ಯಕ್ತಿಯ ಎಂಟು ವರ್ಷದ ತೂಕವೆಲ್ಲ ಮೆಮೊರಿಗೆ ಬಂದು ಕೂರುತ್ತದೆ. 80 ಜನರಿಗೂ ಹೀಗೆ ಮಾಡಿದರೆ ಇಡೀ ಟೇಬಲ್ ಒಳಗೆ ಬಂದ ಹಾಗೆ.

ಈಗ ಹುಡುಕುವ ಕೆಲಸ. ಬಹಳ ಜನ ಮೊದಲು ಟಾಸ್ಕ್ ಮ್ಯಾನೇಜರ್ ತೆರೆದು ಗಾಬರಿಯಾಗುತ್ತಾರೆ. ಜಾವಾ ಪ್ರೋಗ್ರಾಂನ ಮೆಮೊರಿ ಏರುವುದು ಸಹಜ. ಕಲೆಕ್ಟರ್ ಓಡಿದಾಗ ಇಳಿಯುತ್ತದೆ, ಮತ್ತೆ ಏರುತ್ತದೆ. ಗ್ರಾಫ್ ಗರಗಸದ ಹಲ್ಲಿನಂತೆ ಕಾಣುತ್ತದೆ. ನೋಡಬೇಕಾದದ್ದು ಹಲ್ಲುಗಳ ತಳವನ್ನು. ಪೂರ್ತಿ ಕಲೆಕ್ಷನ್ ಆದ ಮೇಲೂ ಉಳಿಯುವ ಮೊತ್ತ ನಿನ್ನೆಗಿಂತ ಇವತ್ತು ಹೆಚ್ಚು, ಇವತ್ತಿಗಿಂತ ನಾಳೆ ಹೆಚ್ಚು ಎಂದಾದರೆ ಮಾತ್ರ ಲೀಕ್ ಇದೆ. ತಳ ಒಂದೇ ಮಟ್ಟದಲ್ಲಿದ್ದು, ದೊಡ್ಡ ವರದಿ ತೆಗೆಯುವಾಗ ಮಾತ್ರ ಮುಗಿಲಿಗೆ ಹಾರಿದರೆ ಅದು ಬೇರೆಯೇ ರೋಗ: ಒಂದೇ ಸಲಕ್ಕೆ ಅತಿಯಾಗಿ ಓದುತ್ತಿದ್ದೀರಿ. ಇವೆರಡನ್ನೂ ಬೇರೆ ಮಾಡಿಕೊಳ್ಳದೆ ಔಷಧ ಹುಡುಕುವುದು ವ್ಯರ್ಥ ಶ್ರಮ. ಲಿನಕ್ಸ್ ಸರ್ವರ್‌ಗಳಲ್ಲಿ ಪ್ರೋಗ್ರಾಂ ಯಾವ ಸೂಚನೆಯೂ ಇಲ್ಲದೆ ಮಾಯವಾಗಿ 137 ಎಂಬ ಸಂಖ್ಯೆ ಉಳಿದಿದ್ದರೆ ಅದನ್ನು ಬಲವಂತವಾಗಿ ಕೊಂದಿದ್ದಾರೆ ಎಂದು ಅರ್ಥ. ಬಹಳ ಸಲ ಮೆಮೊರಿ ಸಾಲದೆ ಕರ್ನಲ್ಲೇ ಕೊಂದಿರುತ್ತದೆ, ಕರ್ನಲ್ ಲಾಗ್‌ನಲ್ಲಿ ಅದರ ದಾಖಲೆ ಸಿಗುತ್ತದೆ.

ಒಆರ್‌ಎಂ ಲೀಕ್‌ಗೆ ಇನ್ನೊಂದು ಗುರುತಿದೆ. ಬೀಳುವ ಮುಂಚೆ ನಿಧಾನವಾಗುತ್ತದೆ. ರೈಟರ್ ‘ತಿಣುಕಾಡಿ ತಿಣುಕಾಡಿ’ ಎಂದಾಗಲೇ ನನಗೆ ಸಂಶಯ ಬಂದಿತ್ತು. ಬದಲಾವಣೆಗಳನ್ನು ಬರೆಯುವಾಗ ಸೆಷನ್ ತನ್ನ ಪಟ್ಟಿಯಲ್ಲಿರುವ ಒಂದೊಂದು ಆಬ್ಜೆಕ್ಟನ್ನೂ ಹಳೆಯ ನಕಲಿನ ಜೊತೆ ಹೋಲಿಸಬೇಕು. ಪಟ್ಟಿಯಲ್ಲಿ ಐವತ್ತು ಇದ್ದರೆ ಗೊತ್ತೂ ಆಗುವುದಿಲ್ಲ. ಲಕ್ಷ ಇದ್ದರೆ ಒಂದು ಪುಟ್ಟ ತೂಕದ ಸಾಲು ಬರೆಯಲಿಕ್ಕೂ ಲಕ್ಷ ಹೋಲಿಕೆ. ಮೆಮೊರಿ ಗ್ರಾಫ್ ನೋಡಲು ಸಾಧ್ಯವಿಲ್ಲದ ಕಡೆ ‘ಅದೇ ಕೆಲಸಕ್ಕೆ ದಿನದಿಂದ ದಿನಕ್ಕೆ ಹೆಚ್ಚು ಹೊತ್ತು ಹಿಡಿಯುತ್ತಿದೆಯೇ’ ಎಂದು ಕೇಳಿದರೂ ಅರ್ಧ ಉತ್ತರ ಸಿಗುತ್ತದೆ.

ತೋಟದ ತಂತ್ರಾಂಶದ ಒಂದು ಪ್ರತಿಯನ್ನು ನಮ್ಮ ಮನೆಗೆ ತಂದು ಓಡಿಸಿದೆವು. ಆಗ ಮಾಡಿದ ಕೆಲಸ ಕೇಳುವವರಿಗೆ ತಲೆಕೆಳಗು ಅನ್ನಿಸಬಹುದು: ಮೆಮೊರಿಯನ್ನು ಹೆಚ್ಚಿಸುವ ಬದಲು ಕಡಿಮೆ ಮಾಡಿದೆವು. ಜಾವಾದ ಹೀಪ್ ಮಿತಿಯನ್ನು 256 ಎಂಬಿಗೆ ಇಳಿಸಿ, ತೂಕ ಕಳಿಸುವ ಕೆಲಸವನ್ನು ಒಂದು ಪುಟ್ಟ ಸ್ಕ್ರಿಪ್ಟ್‌ನಿಂದ ಎಡೆಬಿಡದೆ ಮಾಡಿಸಿದರೆ, ವಾರಗಟ್ಟಲೆ ಹಿಡಿಯುತ್ತಿದ್ದ ತೊಂದರೆ ಒಂದು ಮಧ್ಯಾಹ್ನದೊಳಗೆ ಕಾಣಿಸಿಕೊಳ್ಳುತ್ತದೆ. ಔಟ್ ಆಫ್ ಮೆಮೊರಿ ಆದ ಕೂಡಲೇ ಮೆಮೊರಿಯಲ್ಲಿರುವುದನ್ನೆಲ್ಲ ಹೀಪ್ ಡಂಪ್ ಎಂಬ ಫೈಲಿಗೆ ಬರೆದಿಡುವಂತೆ ಜಾವಾಗೆ ಮೊದಲೇ ಹೇಳಿಡುವ ಆಯ್ಕೆಯಿದೆ. ಅದನ್ನು ಪ್ರೊಡಕ್ಷನ್ ಸರ್ವರ್‌ನಲ್ಲೂ ಹಾಕಿಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಏಕೆಂದರೆ ಪ್ರೋಗ್ರಾಂ ಸತ್ತ ಮೇಲೆ ಸಾಕ್ಷಿ ಸಿಗುವುದಿಲ್ಲ. ಡಂಪ್ ದೊಡ್ಡದಾಗುತ್ತದೆ ಎಂದಾದರೆ ಜೆಸಿಎಂಡಿ ಎಂಬ ಸಲಕರಣೆಯಿಂದ ಕ್ಲಾಸ್ ಹಿಸ್ಟೊಗ್ರಾಮ್ ತೆಗೆಯಬಹುದು. ಯಾವ ಕ್ಲಾಸಿನ ಎಷ್ಟು ಆಬ್ಜೆಕ್ಟ್ ಇವೆ ಎಂಬ ಸರಳ ಪಟ್ಟಿ ಅದು. ಒಂದು ಗಂಟೆಯ ಅಂತರದಲ್ಲಿ ಎರಡು ಪಟ್ಟಿ ತೆಗೆದು ಪಕ್ಕಪಕ್ಕ ಇಟ್ಟರೆ ಬೆಳೆಯುತ್ತಿರುವುದು ಯಾವುದು ಎಂದು ಕಣ್ಣಿಗೇ ಕಾಣುತ್ತದೆ.

ಡಂಪ್ ಫೈಲನ್ನು ಎಕ್ಲಿಪ್ಸ್ ಮೆಮೊರಿ ಅನಲೈಸರ್‌ನಲ್ಲಿ ತೆರೆದೆವು. ಅದರಲ್ಲಿ ಡಾಮಿನೇಟರ್ ಟ್ರೀ ಎಂಬ ನೋಟವಿದೆ. ಒಂದು ಆಬ್ಜೆಕ್ಟ್ ತಾನು ಎಷ್ಟು ದೊಡ್ಡದು ಎಂಬುದಕ್ಕಿಂತ, ಅದು ಹೋದರೆ ಅದರ ಜೊತೆ ಎಷ್ಟು ಮೆಮೊರಿ ಬಿಡುಗಡೆಯಾಗುತ್ತದೆ ಎಂಬ ಲೆಕ್ಕದಲ್ಲಿ ಸಾಲು ಹಚ್ಚುತ್ತದೆ. ಎಲ್ಲಕ್ಕಿಂತ ಮೇಲೆ ಕುಳಿತಿದ್ದದ್ದು ಹೈಬರ್ನೇಟ್‌ನ ‘ಸ್ಟೇಟ್‌ಫುಲ್ ಪರ್ಸಿಸ್ಟೆನ್ಸ್ ಕಾಂಟೆಕ್ಸ್ಟ್’. ಹೀಪ್‌ನ ಬಹುಪಾಲು ಅದೊಂದರ ಕೆಳಗೇ. ಬಿಡಿಸಿದರೆ ಒಳಗೆ ದೊಡ್ಡದೊಂದು ಮ್ಯಾಪ್, ಅದರೊಳಗೆ ತೂಕದ ಆಬ್ಜೆಕ್ಟ್‌ಗಳು ಸಾಲುಸಾಲಾಗಿ. ಒಂದೊಂದಕ್ಕೂ ‘ಎಂಟಿಟಿ ಎಂಟ್ರಿ’, ಅದರೊಳಗೆ ‘ಲೋಡೆಡ್ ಸ್ಟೇಟ್’ ಎಂಬ ಅರೇ, ಅಂದರೆ ನಾನು ಮೇಲೆ ಹೇಳಿದ ಹಳೆಯ ನಕಲು. ಒಂದು ಅರೇ ತೆರೆದು ನೋಡಿದರೆ ಯಾರೋ ಒಬ್ಬರ ಸಂಜೆಯ ತೂಕ, ತಾರೀಖು, ತೋಟದ ಯಾವ ಬ್ಲಾಕ್, ಯಾರು ತೂಗಿದ್ದು ಎಲ್ಲವೂ ಹಾಗೆಯೇ ಇದೆ. ಅದನ್ನು ಡೇಟಾಬೇಸ್‌ಗೆ ಬರೆದು ಎಷ್ಟೋ ಹೊತ್ತಾಗಿತ್ತು.

ಯಾರು ಹಿಡಿದಿದ್ದಾರೆ ಎಂಬುದಕ್ಕೆ ಅದೇ ಸಲಕರಣೆಯಲ್ಲಿ ಜಿಸಿ ರೂಟ್‌ವರೆಗಿನ ದಾರಿ ತೋರಿಸು ಎಂದು ಕೇಳಬಹುದು. ದುರ್ಬಲ ರೆಫರೆನ್ಸ್‌ಗಳನ್ನು ಬಿಟ್ಟು ತೋರಿಸು ಎಂದೂ ಹೇಳಬೇಕು, ಇಲ್ಲದಿದ್ದರೆ ದಾರಿಗಳ ಕಾಡಿನಲ್ಲಿ ಕಳೆದುಹೋಗುತ್ತೇವೆ. ದಾರಿ ನೆಟ್ಟಗೆ ಹೋಗಿ ನಿಂತದ್ದು ಒಂದು ಥ್ರೆಡ್‌ನಲ್ಲಿ. ಮೊಬೈಲ್‌ನಿಂದ ಬಂದ ತೂಕಗಳನ್ನು ಐದೈದು ನಿಮಿಷಕ್ಕೆ ಡೇಟಾಬೇಸ್‌ಗೆ ಸೇರಿಸುವ ಹಿನ್ನೆಲೆ ಕೆಲಸ ಅದು. ಪ್ರೋಗ್ರಾಂ ಶುರುವಾದಾಗ ಒಂದು ಸೆಷನ್ ತೆರೆದುಕೊಂಡು, ಪ್ರತಿ ಐದು ನಿಮಿಷಕ್ಕೂ ಅದನ್ನೇ ಬಳಸುತ್ತಿತ್ತು. ಮುಚ್ಚುವ ಮಾತೇ ಇರಲಿಲ್ಲ. ಟ್ರಾನ್ಸಾಕ್ಷನ್ ಮಾತ್ರ ಪ್ರತಿ ಸಲವೂ ಸರಿಯಾಗಿ ಕಮಿಟ್ ಆಗುತ್ತಿತ್ತು. ಕಮಿಟ್ ಮಾಡಿದರೆ ಎಲ್ಲ ಮುಗಿಯಿತು ಎಂದುಕೊಳ್ಳುವುದು ಸಹಜ. ಆದರೆ ಹೀಗೆ ನಾವೇ ತೆರೆದಿಟ್ಟುಕೊಂಡ ಸೆಷನ್‌ನಲ್ಲಿ ಕಮಿಟ್‌ನಿಂದ ಟ್ರಾನ್ಸಾಕ್ಷನ್ ಮುಗಿಯುತ್ತದೆ, ಪಟ್ಟಿ ಖಾಲಿಯಾಗುವುದಿಲ್ಲ. ಈ ವ್ಯತ್ಯಾಸ ಗೊತ್ತಿಲ್ಲದೆ ಬರೆದ ಕೋಡ್ ನೂರಾರು ಕಡೆ ಇದೆ. ವೆಬ್ ಅಪ್ಲಿಕೇಶನ್‌ಗಳಲ್ಲಿ ಪ್ರತಿ ರಿಕ್ವೆಸ್ಟ್‌ಗೂ ಫ್ರೇಮ್‌ವರ್ಕ್ ತಾನೇ ಸೆಷನ್ ತೆರೆದು ಮುಚ್ಚುವುದರಿಂದ ಈ ತೊಂದರೆ ಅಡಗಿರುತ್ತದೆ. ಅದೇ ತಂಡ ಹಿನ್ನೆಲೆ ಕೆಲಸ ಬರೆಯಲು ಹೊರಟಾಗ ಮುಚ್ಚುವವರು ಯಾರೂ ಇರುವುದಿಲ್ಲ. ಹಾಗಾಗಿ ನನ್ನನ್ನು ಕೇಳಿದವರಿಗೆ ನಾನು ಮೊದಲು ಹೇಳುವುದು, ನಿಮ್ಮ ಶೆಡ್ಯೂಲರ್, ಕ್ಯೂ, ಇಂಪೋರ್ಟ್ ಕೋಡ್ ಎಲ್ಲಿದೆಯೋ ಅಲ್ಲಿಂದ ನೋಡಲು ಶುರು ಮಾಡಿ ಎಂದು.

ಸರಿಪಡಿಸಲು ಹಿಡಿದದ್ದು ಕೆಲವೇ ಸಾಲು. ಐದು ನಿಮಿಷದ ಕೆಲಸ ಶುರುವಾದಾಗ ಸೆಷನ್ ತೆರೆದು, ಮುಗಿದಾಗ ಮುಚ್ಚುವುದು; ನಡುವೆ ಎರರ್ ಬಂದರೂ ಮುಚ್ಚಿಯೇ ತೀರುವಂತೆ ಟ್ರೈ ವಿತ್ ರಿಸೋರ್ಸಸ್ ಒಳಗೆ ಇಡುವುದು. ಸಾವಿರಾರು ಸಾಲುಗಳನ್ನು ಒಟ್ಟಿಗೆ ಒಳಗೆ ತರುವ ಕೆಲಸವಿದ್ದರೆ 50ಕ್ಕೋ 100ಕ್ಕೋ ಒಮ್ಮೆ ಮೊದಲು ಫ್ಲಶ್, ಆಮೇಲೆ ಕ್ಲಿಯರ್. ಈ ಅನುಕ್ರಮ ತಪ್ಪಿದರೆ ಬರೆಯದೇ ಉಳಿದ ಬದಲಾವಣೆಗಳು ಕೈಬಿಟ್ಟು ಹೋಗುತ್ತವೆ, ಅದು ಲೀಕ್‌ಗಿಂತ ಕೆಟ್ಟದ್ದು. ಬಟವಾಡೆ ಪಟ್ಟಿಯ ವಿಷಯದಲ್ಲಿ ಇನ್ನೂ ಸರಳ. ಅಲ್ಲಿ ಬೇಕಾದದ್ದು ತಲೆಗೊಂದು ಮೊತ್ತ. ಕೂಡುವ ಕೆಲಸವನ್ನು ಡೇಟಾಬೇಸ್‌ಗೆ ಬಿಟ್ಟು 80 ಸಾಲುಗಳನ್ನು ಮಾತ್ರ ತರಿಸಿಕೊಂಡರೆ ಆಬ್ಜೆಕ್ಟ್‌ಗಳ ಗೊಡವೆಯೇ ಇಲ್ಲ. ಓದಿ ತೋರಿಸುವುದಕ್ಕೆ ಮಾತ್ರ ಬೇಕಾದ ಮಾಹಿತಿಯನ್ನು ಪೂರ್ತಿ ಎಂಟಿಟಿಯಾಗಿ ತರಬಾರದು. ಬೇಕಾದ ಕಾಲಂಗಳನ್ನಷ್ಟೇ ಆಯ್ದು ತರಬೇಕು, ಇಲ್ಲವೇ ರೀಡ್ ಓನ್ಲಿ ಎಂದು ಹೇಳಿ ನಕಲು ಇಡದಂತೆ ಮಾಡಬೇಕು.

ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡುತ್ತೇನೆ. ‘ನಾನು ಸ್ಟ್ರೀಮ್ ಆಗಿ ಒಂದೊಂದೇ ಸಾಲು ಓದುತ್ತಿದ್ದೇನೆ, ಆದರೂ ಮೆಮೊರಿ ತುಂಬುತ್ತದೆ’ ಎನ್ನುವವರು ಡೇಟಾಬೇಸ್ ಡ್ರೈವರ್ ಕಡೆ ನೋಡಬೇಕು. ಪೋಸ್ಟ್‌ಗ್ರೆಸ್‌ನ ಜಾವಾ ಡ್ರೈವರ್, ಆಟೋಕಮಿಟ್ ಆಫ್ ಮಾಡಿ ಫೆಚ್ ಸೈಜ್ ಹೇಳದಿದ್ದರೆ, ಫಲಿತಾಂಶವನ್ನೆಲ್ಲ ಒಟ್ಟಿಗೆ ಮೆಮೊರಿಗೆ ತಂದು ಆಮೇಲೆ ನಮಗೆ ಒಂದೊಂದಾಗಿ ಕೊಡುತ್ತದೆ. ಮೈಎಸ್‌ಕ್ಯೂಎಲ್ ಡ್ರೈವರ್ ಕೂಡ ತಾನಾಗಿ ಇರುವುದು ಹಾಗೆಯೇ. ಒಆರ್‌ಎಂ ಮೇಲೆ ಅಪವಾದ ಬರುತ್ತದೆ, ತಪ್ಪಿರುವುದು ಒಂದು ಪದರ ಕೆಳಗೆ.

ಸೆಷನ್ ಸರಿಯಾದ ಮೇಲೂ ತೋಟದ ಪ್ರೋಗ್ರಾಂನ ಗ್ರಾಫಿನ ತಳ ಸ್ವಲ್ಪ ಸ್ವಲ್ಪವೇ ಏರುತ್ತಿತ್ತು. ಎರಡನೆಯ ಡಂಪ್‌ನಲ್ಲಿ ಮೇಲೆ ಬಂದದ್ದು ಕ್ವೆರಿ ಪ್ಲಾನ್ ಕ್ಯಾಷ್. ಇದು ಬಹಳ ಜನರಿಗೆ ಗೊತ್ತಿಲ್ಲದ ಜಾಗ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ನಾವು ಬರೆದ ಕ್ವೆರಿಯನ್ನು ಎಸ್‌ಕ್ಯೂಎಲ್‌ಗೆ ತಿರುಗಿಸುವುದು ಹೈಬರ್ನೇಟ್‌ಗೆ ದುಬಾರಿ ಕೆಲಸ. ಆದ್ದರಿಂದ ತಿರುಗಿಸಿದ ಯೋಜನೆಯನ್ನು ಕ್ಯಾಷ್‌ನಲ್ಲಿಟ್ಟು ಮತ್ತೆ ಬಳಸುತ್ತದೆ. ‘ಈ ಪಟ್ಟಿಯಲ್ಲಿರುವ ಕೆಲಸಗಾರರ ತೂಕ ಕೊಡು’ ಎಂದು ಇನ್ ಪಟ್ಟಿ ಹಾಕಿ ಕೇಳಿದಾಗ, ಪಟ್ಟಿಯಲ್ಲಿ ಎಷ್ಟು ಜನರಿದ್ದಾರೋ ಅಷ್ಟು ಪ್ರಶ್ನಾರ್ಥಕ ಚಿಹ್ನೆಗಳು ಎಸ್‌ಕ್ಯೂಎಲ್‌ನಲ್ಲಿ ಬರುತ್ತವೆ. ಸೋಮವಾರ ಒಂದು ಬ್ಲಾಕ್‌ನಲ್ಲಿ 17 ಜನ, ಮಂಗಳವಾರ 23, ಬುಧವಾರ ಯಾರದೋ ಮನೆಯಲ್ಲಿ ಮದುವೆಯೆಂದು 11. ಮನುಷ್ಯರ ಕಣ್ಣಿಗೆ ಒಂದೇ ಪ್ರಶ್ನೆ, ಕ್ಯಾಷ್‌ಗೆ ಮೂರು ಬೇರೆ ಬೇರೆ ಯೋಜನೆಗಳು. ಕ್ಯಾಷ್‌ಗೆ ಮಿತಿಯಿದೆ, ಹೈಬರ್ನೇಟ್ ತಾನಾಗಿ ಇಟ್ಟುಕೊಳ್ಳುವ ಮಿತಿ 2048 ಯೋಜನೆಗಳು. ಆದರೆ ಅದು ಎಣಿಕೆಯ ಮಿತಿ, ಗಾತ್ರದ್ದಲ್ಲ. ಪಟ್ಟಿ ಉದ್ದವಾದಷ್ಟೂ ಯೋಜನೆಯೂ ದಪ್ಪವಾಗುತ್ತದೆ. ದೊಡ್ಡ ಸಂಸ್ಥೆಗಳ ಸರ್ವರ್‌ಗಳಲ್ಲಿ, ಇನ್ ಪಟ್ಟಿಯಲ್ಲಿ ಸಾವಿರಾರು ಐಡಿಗಳಿರುವ ಕಡೆ, ಈ ಕ್ಯಾಷ್ ಒಂದೇ ಹೀಪ್‌ನ ದೊಡ್ಡ ಭಾಗವನ್ನು ನುಂಗಬಲ್ಲದು. ಇದಕ್ಕೆ ಇನ್ ಕ್ಲಾಝ್ ಪ್ಯಾರಾಮೀಟರ್ ಪ್ಯಾಡಿಂಗ್ ಎಂಬ ಸೆಟ್ಟಿಂಗ್ ಇದೆ. ಅದನ್ನು ಹಾಕಿದರೆ ಪಟ್ಟಿಯ ಉದ್ದವನ್ನು ಮುಂದಿನ 2, 4, 8, 16, 32ಕ್ಕೆ ಏರಿಸಿ, ಕೊನೆಯ ಐಡಿಯನ್ನೇ ಮತ್ತೆ ಮತ್ತೆ ತುಂಬಿಸುತ್ತದೆ. 17 ಜನರಿಗೂ 23 ಜನರಿಗೂ 32ರ ಒಂದೇ ಯೋಜನೆ. ಒಂದು ಸಾಲಿನ ಈ ಸೆಟ್ಟಿಂಗ್ ಹಾಕಿದ ಮೇಲೆ ಗ್ರಾಫಿನ ತಳ ಮಟ್ಟಸವಾಯಿತು. ಹಳೆಯ ಕಂಪ್ಯೂಟರೇ ಮುಂದುವರಿಯಿತು.

ಪೈಥಾನ್‌ನವರ ಕಥೆ ಬೇರೆ. ಜಾಂಗೊದಲ್ಲಿ ಹೈಬರ್ನೇಟ್‌ನಂಥ ಸೆಷನ್ ಇಲ್ಲ, ಹಾಗಾಗಿ ಈ ರೋಗವೂ ಇಲ್ಲ ಎಂದು ನೆಮ್ಮದಿಯಾಗಿರುವವರಿದ್ದಾರೆ. ಆದರೆ ಅಲ್ಲಿ ಕ್ವೆರಿಸೆಟ್ ತನ್ನ ಫಲಿತಾಂಶವನ್ನು ತಾನೇ ಇಟ್ಟುಕೊಳ್ಳುತ್ತದೆ. ಒಂದು ಕ್ವೆರಿಸೆಟನ್ನು ಮಾಡ್ಯೂಲ್ ಮಟ್ಟದ ವೇರಿಯಬಲ್‌ನಲ್ಲಿ ಇಟ್ಟು ಅದರ ಮೇಲೆ ಒಮ್ಮೆ ಲೂಪ್ ಓಡಿಸಿದರೆ, ಪ್ರೋಗ್ರಾಂ ನಿಲ್ಲುವವರೆಗೆ ಆ ಸಾಲುಗಳೆಲ್ಲ ಅಲ್ಲೇ. ಒಮ್ಮೆ ಮಾತ್ರ ಓದಿ ಬಿಡುವ ದೊಡ್ಡ ಪಟ್ಟಿಗೆ ಇಟರೇಟರ್ ವಿಧಾನವನ್ನು ಬಳಸಬೇಕು, ಅದು 2000 ಸಾಲುಗಳ ತುಂಡುಗಳಲ್ಲಿ ಓದುತ್ತದೆ. ಮೈಎಸ್‌ಕ್ಯೂಎಲ್ ಆದರೆ ಅಲ್ಲೂ ಡ್ರೈವರ್ ಎಲ್ಲವನ್ನೂ ಮೊದಲೇ ತರುತ್ತದೆ ಎಂಬುದು ನೆನಪಿರಲಿ. ಡೀಬಗ್ ಸೆಟ್ಟಿಂಗ್ ಆನ್ ಇದ್ದಾಗ ಜಾಂಗೊ ಓಡಿಸಿದ ಪ್ರತಿ ಎಸ್‌ಕ್ಯೂಎಲ್ ವಾಕ್ಯವನ್ನೂ ನೆನಪಿಟ್ಟುಕೊಳ್ಳುತ್ತದೆ. ಈಗ ಅದಕ್ಕೆ 9000 ವಾಕ್ಯಗಳ ಮಿತಿಯಿದೆ. ಆ ಪಟ್ಟಿ ಖಾಲಿಯಾಗುವುದು ಹೊಸ ರಿಕ್ವೆಸ್ಟ್ ಬಂದಾಗ. ರಾತ್ರಿಯಿಡೀ ಓಡುವ ಮ್ಯಾನೇಜ್‌ಮೆಂಟ್ ಕಮಾಂಡ್‌ಗೆ ರಿಕ್ವೆಸ್ಟ್ ಎಲ್ಲಿಂದ ಬರಬೇಕು? ಇನ್ನೊಂದು ಬಲೆ ಎಲ್‌ಆರ್‌ಯು ಕ್ಯಾಷ್ ಡೆಕೊರೇಟರ್. ಮಾಡೆಲ್‌ನ ಮೆಥಡ್ ಮೇಲೆ ಅದನ್ನು ಹಾಕಿದರೆ ಕ್ಯಾಷ್ ಆ ಆಬ್ಜೆಕ್ಟನ್ನೇ ಹಿಡಿದುಕೊಳ್ಳುತ್ತದೆ, ಅದಕ್ಕೆ ತಗುಲಿಕೊಂಡ ಸಂಬಂಧಿ ಆಬ್ಜೆಕ್ಟ್‌ಗಳನ್ನೂ ಸೇರಿಸಿ. ಹುಡುಕಲು ಪೈಥಾನ್‌ನ ಜೊತೆಗೇ ಬರುವ ಟ್ರೇಸ್‌ಮ್ಯಾಲಕ್ ಸಾಕು. ಎರಡು ಸ್ನ್ಯಾಪ್‌ಶಾಟ್ ತೆಗೆದು ಹೋಲಿಸಿದರೆ ಯಾವ ಫೈಲಿನ ಯಾವ ಸಾಲಿನಲ್ಲಿ ಹುಟ್ಟಿದ ಮೆಮೊರಿ ಬೆಳೆದಿದೆ ಎಂದು ತೋರಿಸುತ್ತದೆ.

ಎಸ್‌ಕ್ಯೂಎಲ್‌ಆಲ್ಕೆಮಿಯ ಸೆಷನ್ ಹೆಚ್ಚು ಸೌಮ್ಯ. ಬದಲಾಗದ ಆಬ್ಜೆಕ್ಟ್‌ಗಳನ್ನು ದುರ್ಬಲ ರೆಫರೆನ್ಸ್‌ನಲ್ಲೇ ಹಿಡಿದಿರುವುದರಿಂದ, ನಾವು ಬಿಟ್ಟರೆ ಅದೂ ಬಿಡುತ್ತದೆ. ಎಂಟಿಟಿ ಫ್ರೇಮ್‌ವರ್ಕ್ ಕೋರ್ ಹೈಬರ್ನೇಟ್‌ನ ಜಾತಿಯದ್ದೇ. ಡಿಬಿಕಾಂಟೆಕ್ಸ್ಟನ್ನು ಸಿಂಗಲ್‌ಟನ್ ಮಾಡಿಟ್ಟರೆ ತೋಟದ ತಂತ್ರಾಂಶದ ಕಥೆಯೇ ಅಲ್ಲೂ ನಡೆಯುತ್ತದೆ. ಓದುವ ಕ್ವೆರಿಗಳಿಗೆ ಆಸ್ ನೋ ಟ್ರ್ಯಾಕಿಂಗ್ ಹಾಕಿ. 2020ರ 5.0 ಆವೃತ್ತಿಯಿಂದ ಚೇಂಜ್ ಟ್ರ್ಯಾಕರ್‌ಗೆ ಕ್ಲಿಯರ್ ಸೌಲಭ್ಯವೂ ಇದೆ.

ಸ್ಪ್ರಿಂಗ್ ಬೂಟ್ ಬಳಸುವವರಿಗೆ ಇನ್ನೊಂದು ಮಾತು. ಓಪನ್ ಇನ್ ವ್ಯೂ ಎಂಬ ಸೆಟ್ಟಿಂಗ್ ತಾನಾಗಿ ಆನ್ ಇರುತ್ತದೆ, ಶುರುವಾಗುವಾಗ ಲಾಗ್‌ನಲ್ಲಿ ಅದರ ಬಗ್ಗೆ ಎಚ್ಚರಿಕೆಯೂ ಬರುತ್ತದೆ. ಅದಿದ್ದರೆ ರಿಕ್ವೆಸ್ಟ್ ಪೂರ್ತಿ ಮುಗಿಯುವವರೆಗೆ ಸೆಷನ್ ಜೀವಂತ. ನಮ್ಮ ಕಡೆಯ ನೆಟ್‌ವರ್ಕ್‌ನಲ್ಲಿ ಒಂದು ದೊಡ್ಡ ಎಕ್ಸೆಲ್ ಇಳಿಸಿಕೊಳ್ಳಲು ಹತ್ತು ನಿಮಿಷ ಹಿಡಿಯಬಹುದು. ಅಷ್ಟು ಹೊತ್ತೂ ಆ ಸೆಷನ್ ತಾನು ಓದಿದ್ದನ್ನೆಲ್ಲ ಹಿಡಿದು ಕುಳಿತಿರುತ್ತದೆ, ಡೇಟಾಬೇಸ್ ಕನೆಕ್ಷನ್ನನ್ನೂ ಬಿಟ್ಟುಕೊಡದೆ ಇರಬಹುದು. ಬೆಂಗಳೂರಿನ ವೇಗದ ನೆಟ್‌ನಲ್ಲಿ ಪರೀಕ್ಷೆ ಮಾಡಿದವರಿಗೆ ಇದು ಕಾಣುವುದೇ ಇಲ್ಲ. ಕನೆಕ್ಷನ್ ಪೂಲ್ ಆದ ಹಿಕಾರಿಸಿಪಿಯಲ್ಲಿ ಲೀಕ್ ಡಿಟೆಕ್ಷನ್ ಮಿತಿಯನ್ನು ಹಾಕಿಟ್ಟರೆ, ಕನೆಕ್ಷನ್ ತೆಗೆದುಕೊಂಡು ಅಷ್ಟು ಹೊತ್ತು ವಾಪಸ್ ಕೊಡದ ಕೋಡ್ ಯಾವುದು ಎಂದು ಲಾಗ್‌ನಲ್ಲೇ ಬರೆಯುತ್ತದೆ. ಮುಚ್ಚದ ಸೆಷನ್‌ಗಳನ್ನು ಹಿಡಿಯಲು ನನಗೆ ಗೊತ್ತಿರುವ ಅತ್ಯಂತ ಅಗ್ಗದ ಉಪಾಯ ಇದೇ.

‘ರಾತ್ರಿ ಎರಡು ಗಂಟೆಗೆ ರಿಸ್ಟಾರ್ಟ್ ಆಗುವಂತೆ ಮಾಡಿಬಿಟ್ಟಿದ್ದೇವೆ, ಈಗ ತೊಂದರೆಯಿಲ್ಲ’ ಎಂದು ಬರೆಯುವವರೂ ಇದ್ದಾರೆ. ಬೆಂಕಿ ಬಿದ್ದಾಗ ನೀರು ಹಾಕುವುದು ತಪ್ಪಲ್ಲ, ಹಂಗಾಮಿನ ನಡುವೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಅದನ್ನೇ ಪರಿಹಾರವೆಂದು ಬಿಟ್ಟರೆ, ಮೆಮೊರಿಯ ಜೊತೆ ಏರುವ ನಿಧಾನಗತಿಯನ್ನು ಜನ ದಿನವಿಡೀ ಅನುಭವಿಸುತ್ತಲೇ ಇರುತ್ತಾರೆ, ಮುಂದಿನ ವರ್ಷ ಡೇಟಾ ಹೆಚ್ಚಾದಾಗ ಎರಡು ಗಂಟೆ ಎಂಬುದು ಮಧ್ಯಾಹ್ನಕ್ಕೆ ಬರುತ್ತದೆ. ವಾರದ ಕೂಲಿಗೆ ಬಾಗಿಲಲ್ಲಿ ನಿಂತವರನ್ನು ಕಾಯಿಸುವ ಹಕ್ಕು ತಂತ್ರಾಂಶಕ್ಕಿಲ್ಲ.

ಹೀಗೆಲ್ಲ ಮಾಡಿದ ಮೇಲೂ ಟಾಸ್ಕ್ ಮ್ಯಾನೇಜರ್‌ನ ಸಂಖ್ಯೆ ಇಳಿಯದಿದ್ದರೆ ಗಾಬರಿ ಬೇಡ. ಹೀಪ್‌ನಲ್ಲಿ ಖಾಲಿಯಾದ ಜಾಗವನ್ನು ಜಾವಾ ಕೂಡಲೇ ಆಪರೇಟಿಂಗ್ ಸಿಸ್ಟಂಗೆ ಹಿಂದಿರುಗಿಸಬೇಕೆಂದೇನಿಲ್ಲ. ಪೈಥಾನ್ ಕೂಡ ಒಮ್ಮೆ ತೆಗೆದುಕೊಂಡ ಜಾಗವನ್ನು ಮುಂದಿನ ಬಳಕೆಗೆ ಇಟ್ಟುಕೊಳ್ಳುವುದುಂಟು. ಒಂದೇ ವರದಿಯನ್ನು ಹತ್ತಾರು ಸಲ ತೆಗೆದು ನೋಡಿ. ಮೊದಲ ಕೆಲವು ಸಲ ಏರಿ ಆಮೇಲೆ ನಿಂತರೆ ಅದು ಲೀಕ್ ಅಲ್ಲ.

ಇನ್ನು ಪ್ರಶ್ನೆ ಕಳಿಸುವವರಲ್ಲಿ ಒಂದು ವಿನಂತಿ. ಹೀಪ್ ಡಂಪನ್ನು ನನಗಾಗಲಿ ಬೇರೆ ಯಾರಿಗಾಗಲಿ ಕಳಿಸಬೇಡಿ. ಡಂಪ್ ಎಂದರೆ ಆ ಕ್ಷಣದಲ್ಲಿ ಪ್ರೋಗ್ರಾಂನ ಮೆಮೊರಿಯಲ್ಲಿದ್ದದ್ದೆಲ್ಲ: ಕೆಲಸಗಾರರ ಹೆಸರು, ಫೋನ್ ನಂಬರು, ಬ್ಯಾಂಕ್ ಖಾತೆ, ಯಾರು ಎಷ್ಟು ಮುಂಗಡ ಪಡೆದಿದ್ದಾರೆ ಎಂಬ ಲೆಕ್ಕ, ಎಷ್ಟೋ ಸಲ ಡೇಟಾಬೇಸ್ ಪಾಸ್‌ವರ್ಡ್ ಸಹ, ಓದಬಹುದಾದ ಅಕ್ಷರಗಳಲ್ಲಿ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಇಂಥ ಮಾಹಿತಿಯ ಹೊಣೆಯನ್ನು ಅದನ್ನು ಇಟ್ಟುಕೊಂಡವರ ಮೇಲೆ ಹಾಕಿದೆ; ಕಾಯ್ದೆ ಇಲ್ಲದಿದ್ದರೂ ಅದು ಆ ಜನರ ಖಾಸಗಿ ವಿಷಯವೇ. ಡಂಪನ್ನು ನಿಮ್ಮ ಕಂಪ್ಯೂಟರ್‌ನಲ್ಲೇ ತೆರೆದು ನೋಡಿ, ಕೆಲಸ ಮುಗಿದ ಮೇಲೆ ಅಳಿಸಿ. ನನಗೆ ಗಂಟೆಯ ಅಂತರದಲ್ಲಿ ತೆಗೆದ ಎರಡು ಹಿಸ್ಟೊಗ್ರಾಮ್ ಮತ್ತು ಸೆಷನ್ ತೆರೆಯುವ ಜಾಗದ ನಾಲ್ಕು ಸಾಲು ಕೋಡ್ ಕಳಿಸಿದರೆ ಸಾಕು. ಹಿಸ್ಟೊಗ್ರಾಮ್‌ನಲ್ಲಿ ಕ್ಲಾಸ್‌ಗಳ ಹೆಸರು, ಎಣಿಕೆ, ಗಾತ್ರ ಮಾತ್ರ ಇರುತ್ತವೆ.